ನರ್ಸರಿ ಸಸಿಯ ಎಲೆಗೆ ರೋಗ ಬಂದಾಗ: ಗುರುತು ಹಿಡಿಯುವುದು, ತಡೆಯುವುದು, ಔಷಧಿ ಹೊಡೆಯುವುದು

ತೋಟದಲ್ಲಿ ನಿಂತ ಮರಕ್ಕೆ ಎಲೆಚುಕ್ಕಿ ಬಂದರೆ ನೂರು ಎಲೆ ಉದುರಿ ಸಾವಿರ ಉಳಿಯುತ್ತವೆ. ಪಾಲಿಥೀನ್ ಚೀಲದಲ್ಲಿರುವ ಸಸಿಗೆ ಇರುವುದೇ ಆರೆಂಟು ಎಲೆ. ಅದರಲ್ಲಿ ಮೂರು ಹೋದರೆ ಬೇರು ಬೆಳೆಯುವುದು ನಿಲ್ಲುತ್ತದೆ, ಕಾಂಡ ಬಡಕಲಾಗುತ್ತದೆ, ಈ ಜೂನ್‌ನಲ್ಲಿ ಗುಂಡಿಗೆ ಇಳಿಯಬೇಕಾದ ಸಸಿ ಮುಂದಿನ ವರ್ಷಕ್ಕೆ ಬೀಳುತ್ತದೆ. ಸಾಲದ್ದಕ್ಕೆ ಒಂದು ಮೀಟರ್ ಅಗಲದ ಪಾತಿಯಲ್ಲಿ ನೂರಾರು ಸಸಿ ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಒಂದರ ರೋಗ ಇನ್ನೊಂದಕ್ಕೆ ದಾಟಲು ಗಾಳಿಯೂ ಬೇಕಿಲ್ಲ, ನೀರು ಹಾಕುವಾಗ ಸಿಡಿಯುವ ಹನಿ ಸಾಕು.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಮಲೆನಾಡೂ ಇದೆ, ಬಯಲೂ ಇದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಲೆ ಕೊಳೆಯುವ, ಕಪ್ಪಾಗುವ ರೋಗಗಳದ್ದೇ ಕಾರುಬಾರು. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನಲ್ಲಿ ಆಗ ಅಷ್ಟು ತಾಪತ್ರಯ ಇರುವುದಿಲ್ಲ. ಅಲ್ಲಿ ತೊಂದರೆ ಶುರುವಾಗುವುದು ನವೆಂಬರ್ ನಂತರ, ರಾತ್ರಿ ಚಳಿ ಹಗಲು ಒಣ ಬಿಸಿಲು ಇರುವಾಗ. ಬೂದಿ ರೋಗ ಮತ್ತು ತುಕ್ಕು ರೋಗಕ್ಕೆ ಅದೇ ಹದ. ಬೇಲೂರು, ಆಲೂರಿನಂಥ ಅರೆಮಲೆನಾಡಿನಲ್ಲಿ ಎರಡು ಕಾಟವೂ ಉಂಟು. ಪಕ್ಕದ ತಾಲ್ಲೂಕಿನವರಿಗೆ ಗುಣ ಕೊಟ್ಟ ಔಷಧಿ ನಮ್ಮಲ್ಲಿ ಕೆಲಸ ಮಾಡಲಿಲ್ಲ ಎನ್ನುವ ದೂರಿಗೆ ಬಹಳ ಸಲ ಕಾರಣ ಇಷ್ಟೇ: ರೋಗವೇ ಬೇರೆ.

ಇನ್ನೊಂದು ಮಾತನ್ನು ಮೊದಲೇ ಹೇಳಿಬಿಡಬೇಕು. ಎಲೆಯ ಮೇಲೆ ಬಿದ್ದ ಶಿಲೀಂಧ್ರದ ಬೀಜಾಣು ಮೊಳೆತು ಒಳಹೋಗಲು ಸಾಮಾನ್ಯವಾಗಿ ಎಲೆ ಸತತವಾಗಿ ಹಲವು ಗಂಟೆ ಒದ್ದೆಯಾಗಿರಬೇಕು. ನರ್ಸರಿಯಲ್ಲಿ ನಾವು ಮಾಡುವ ಕೆಲಸವೆಲ್ಲ, ನೀರು, ನೆರಳು, ಸಸಿ ಜೋಡಣೆ, ಎಲ್ಲವೂ ಆ ಒದ್ದೆಯ ಹೊತ್ತನ್ನು ಒಂದೋ ಹಿಗ್ಗಿಸುತ್ತವೆ, ಇಲ್ಲ ಕುಗ್ಗಿಸುತ್ತವೆ. ಔಷಧಿಯ ಪಾಳಿ ಆಮೇಲಿನದು.

ಎಲೆ ನೋಡುವ ಬಗೆ

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಒಂದು ಜೇಬಿನಲ್ಲಿರಲಿ. ಬೆಳಿಗ್ಗೆ ಸಸಿಯ ಎಲೆಯನ್ನು ಕೀಳದೆ ಮಗುಚಿ, ಅಡಿಭಾಗ ನೋಡಿ. ಮೇಲಿಂದಷ್ಟೇ ನೋಡುವವರಿಗೆ ಅರ್ಧ ರೋಗ ತಡವಾಗಿಯೇ ಕಾಣುತ್ತದೆ.

ಕಾಫಿ ಸಸಿಯಲ್ಲಿ ಹೆಚ್ಚು ಬರುವುದು ಕಂದು ಕಣ್ಣು ಚುಕ್ಕೆ. ಸರ್ಕೋಸ್ಪೋರಾ ಕಾಫಿಕೋಲಾ ಎಂಬ ಶಿಲೀಂಧ್ರದಿಂದ ಬರುವಂಥದ್ದು. ದುಂಡನೆಯ ಕೆಂಗಂದು ಚುಕ್ಕೆ, ನಡುವೆ ಬೂದು ಬಿಳುಪು, ಸುತ್ತ ಹಳದಿ ಬಳೆ. ಭೂತಗನ್ನಡಿಯಲ್ಲಿ ನೋಡಿದರೆ ಆ ಬೂದು ನಡುಭಾಗದಲ್ಲಿ ಮೊಳೆಯಂಥ ಕಪ್ಪು ಕೂದಲ ಗೊಂಚಲು ಕಾಣುತ್ತದೆ. ಇದರ ಸ್ವಭಾವ ತುಸು ತಿರುವು ಮುರುವು: ನೆರಳು ಸಾಲದೆ ಬಿಸಿಲು ಬಿದ್ದ ಅಂಚಿನ ಸಾಲುಗಳಲ್ಲಿ, ಗೊಬ್ಬರ ಸಾಲದೆ ಹಳದಿ ತಿರುಗಿದ ಸಸಿಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ರೋಗ ಬಂತೆಂದು ಚಪ್ಪರ ತೆಗೆದು ಬಿಸಿಲು ಬಿಟ್ಟರೆ ಇದು ಇನ್ನಷ್ಟು ಜೋರಾಗುತ್ತದೆ.

ಕಾಫಿಯ ತುಕ್ಕು ರೋಗ ಎಲ್ಲರಿಗೂ ಗೊತ್ತಿರುವುದೇ. ಎಲೆಯ ಅಡಿಯಲ್ಲಿ ಕಿತ್ತಳೆ ಹಳದಿ ಪುಡಿ, ಬೆರಳಿಗೆ ಅರಿಶಿನದ ಹಾಗೆ ಹತ್ತುತ್ತದೆ. ಮೇಲ್ಭಾಗದಲ್ಲಿ ಅದೇ ಜಾಗಕ್ಕೆ ಹಳದಿ ಮಚ್ಚೆ. ಅರೇಬಿಕಾ ಕಾಫಿಯ ಎಸ್.795 ತಳಿಯ ಸಸಿಗಳಿಗೆ ಬೇಗ ತಗಲುತ್ತದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 2007ರಲ್ಲಿ ಬಿಡುಗಡೆ ಮಾಡಿದ ಚಂದ್ರಗಿರಿ ತಳಿ ಸಾಕಷ್ಟು ತಡೆದುಕೊಳ್ಳುತ್ತದೆ. ಬೀಜಾಣು ಒಳಹೋಗುವುದು ಎಲೆಯ ಅಡಿಭಾಗದ ರಂಧ್ರಗಳ ಮೂಲಕ, ಇದನ್ನು ಸಿಂಪಡಣೆಯ ಹೊತ್ತಿಗೆ ನೆನಪಿಟ್ಟುಕೊಳ್ಳಿ.

ತೇಗದ ಸಸಿಗೂ ತುಕ್ಕು ಬರುತ್ತದೆ, ಅದು ಬೇರೆಯೇ ಶಿಲೀಂಧ್ರ. ಕಾಫಿಯಿಂದ ತೇಗಕ್ಕಾಗಲಿ ತೇಗದಿಂದ ಕಾಫಿಗಾಗಲಿ ದಾಟುವುದಿಲ್ಲ. ಮಳೆ ನಿಂತ ಮೇಲೆ, ಒತ್ತೊತ್ತಾಗಿ ಬೆಳೆದ ಪಾತಿಯಲ್ಲಿ, ಕೆಳಗಿನ ಹಳೆಯ ಎಲೆಗಳಿಂದ ಶುರು. ಅಡಿಭಾಗ ಪೂರ್ತಿ ಹಳದಿ ಪುಡಿ ಬಳಿದಂತಾಗಿ, ಮೇಲ್ಭಾಗ ಬೂದುಕಂದಾಗಿ, ಎಲೆ ಹೊತ್ತಿಗೆ ಮುಂಚೆಯೇ ಉದುರುತ್ತದೆ. ಹೆಬ್ಬೇವಿನಲ್ಲಿ ಕಾಣುವುದು ಬಹುಪಾಲು ಸರ್ಕೋಸ್ಪೋರಾ ಗುಂಪಿನ ಎಲೆಚುಕ್ಕಿ: ಚಿಕ್ಕ ಚುಕ್ಕೆ, ಒಣಗಿ ನಡು ಉದುರಿ ತೂತು. ತೂತು ನೋಡಿ ಹುಳು ತಿಂದಿದೆ ಎಂದು ಕೀಟನಾಶಕ ಹೊಡೆಯುವವರು ಬೇಕಾದಷ್ಟು ಜನ. ಹುಳು ತಿಂದ ತೂತಿನ ಅಂಚು ಹಸಿರು, ಹರಕು ಮುರುಕು. ರೋಗದ ತೂತಿನ ಅಂಚಿಗೆ ಕಂದು ಗೆರೆ ಇರುತ್ತದೆ.

ಕಾಳುಮೆಣಸಿನ ಸಸಿಯಲ್ಲಿ ಮೂರನ್ನು ಬೇರೆ ಬೇರೆ ಗುರುತಿಸಲು ಬರಲೇಬೇಕು, ಏಕೆಂದರೆ ಮೊದಲನೆಯದರ ಔಷಧಿಯೇ ಬೇರೆ, ಉಳಿದೆರಡರದ್ದು ಬೇರೆ. ಒಂದು, ಫೈಟಾಫ್ತರಾ, ಅಂದರೆ ತೋಟದಲ್ಲಿ ಶೀಘ್ರ ಸೊರಗು ರೋಗ ತರುವಂಥದ್ದು: ನೀರಲ್ಲಿ ನೆನೆದಂತಿರುವ ಕಪ್ಪು ಮಚ್ಚೆ, ಅಂಚು ನೇರವಾಗಿರದೆ ಗರಿಗರಿಯಾಗಿ ಹರಡಿರುತ್ತದೆ, ಎರಡು ಮೂರು ದಿನದಲ್ಲಿ ಅರ್ಧ ಎಲೆ ಕಪ್ಪು. ಮಣ್ಣಿಗೆ ಹತ್ತಿರದ ಕೆಳಗಿನ ಎಲೆಯಿಂದ ಮೇಲಕ್ಕೆ ಏರುತ್ತದೆ. ಎರಡು, ಚಿಬ್ಬು ರೋಗ: ಕಂದು ಚುಕ್ಕೆ, ಸುತ್ತ ಹಳದಿ ಬಳೆ, ನಿಧಾನ. ಮೂರು, ರೈಜಾಕ್ಟೋನಿಯಾ: ಏಪ್ರಿಲ್–ಮೇನಲ್ಲಿ ಸೆಕೆಯೂ ತೇವವೂ ಒಟ್ಟಿಗಿರುವಾಗ ಬರುತ್ತದೆ. ಬೂದು ಬಣ್ಣದ ಎಳೆಗಳು ಎಲೆಯಿಂದ ಎಲೆಗೆ ಹಬ್ಬಿ ಅಂಟು ಹಾಕಿದ ಹಾಗೆ ಹಿಡಿದುಕೊಂಡಿರುತ್ತವೆ. ಉದುರಿದ ಎಲೆ ನೆಲಕ್ಕೆ ಬೀಳದೆ ಅಲ್ಲೇ ಜೋತುಬಿದ್ದಿರುತ್ತದೆ.

ಬೂದಿ ರೋಗಕ್ಕೆ ಹೆಚ್ಚು ಹೇಳುವುದೇನಿಲ್ಲ. ಎಳೆ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿದಂತೆ, ಬೆರಳಲ್ಲಿ ಒರೆಸಿದರೆ ಹೋಗುತ್ತದೆ, ಎರಡು ದಿನಕ್ಕೆ ಮತ್ತೆ ಬರುತ್ತದೆ. ಇದೊಂದಕ್ಕೆ ಮಾತ್ರ ಎಲೆ ಒದ್ದೆಯಾಗಿರಬೇಕೆಂದಿಲ್ಲ, ಗಾಳಿಯ ತೇವವೇ ಸಾಕು. ಮಳೆ ಸುರಿಯುವಾಗ ತಗ್ಗುತ್ತದೆ.

ಶಿಲೀಂಧ್ರ ಹೌದೋ ಅಲ್ಲವೋ

ಎಲೆಯ ಮೇಲಿನ ಕಲೆಯೆಲ್ಲ ರೋಗವಲ್ಲ. ಹೊಂಗೆ ಸಸಿಯ ಎಲೆ ತುಂಬ ಗುಳ್ಳೆ ಗುಳ್ಳೆಯಾಗಿದ್ದರೆ ಅದು ಸಾಮಾನ್ಯವಾಗಿ ನುಸಿ. ಎಲೆಯ ಅಂಚು ಮಾತ್ರ ಒಂದೇ ಸಮನೆ ಸುಟ್ಟಿದ್ದರೆ ಗೊಬ್ಬರ ಹೆಚ್ಚಾಗಿದೆ, ಅಥವಾ ಯೂರಿಯಾ ನೀರು ಕೊಟ್ಟ ಮೇಲೆ ಎಲೆ ತೊಳೆದಿಲ್ಲ. ನೆರಳು ಬಲೆ ತೆಗೆದ ಎರಡನೇ ದಿನ ಮೇಲಿನ ಎಲೆಗಳೆಲ್ಲ ಒಂದೇ ಕಡೆಗೆ ಬಿಳಿಚಿಕೊಂಡರೆ ಬಿಸಿಲೇಟು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಸುಣ್ಣದ ಅಂಶದ ಬೋರ್‌ವೆಲ್ ನೀರು ಹಾಯಿಸುವ ಬಯಲುಸೀಮೆಯ ನರ್ಸರಿಗಳಲ್ಲಿ ಇದು ಮಾಮೂಲಿ. ಇನ್ನು ಮಲೆನಾಡಿನಲ್ಲಿ ಎಲೆಯ ಮೇಲ್ಭಾಗದಲ್ಲಿ ಕಿತ್ತಳೆ ಬಣ್ಣದ, ಮಖಮಲ್ಲಿನಂತೆ ಮುಟ್ಟಲು ಮೆತ್ತಗಿರುವ ದುಂಡು ಮಚ್ಚೆ ಬಂದರೆ ಅದು ಪಾಚಿ. ತುಕ್ಕು ರೋಗದ ಪುಡಿಯ ಹಾಗೆ ಬೆರಳಿಗೆ ಹತ್ತುವುದಿಲ್ಲ. ತಾಮ್ರದ ಔಷಧಿಗೆ ಹೋಗುತ್ತದೆ, ಅದಕ್ಕಿಂತ ಮುಂಚೆ ಗಾಳಿ ಬೆಳಕು ಹೆಚ್ಚಿಸಿ ನೋಡಿ.

ಅನುಮಾನ ಬಂದಾಗ ಮಾಡಬಹುದಾದ ಎರಡು ಪರೀಕ್ಷೆಗಳಿವೆ, ಖರ್ಚಿಲ್ಲ. ರೋಗದ ಅಂಚಿರುವ ಎಲೆಯ ಒಂದು ಚೂರನ್ನು ಬ್ಲೇಡಿನಲ್ಲಿ ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ಅಲುಗಾಡಿಸದೆ ಹಿಡಿಯಿರಿ. ಐದು ಹತ್ತು ನಿಮಿಷದಲ್ಲಿ ಕತ್ತರಿಸಿದ ಬಾಯಿಂದ ಹಾಲಿನ ಎಳೆಯಂಥದ್ದು ಇಳಿದರೆ ದುಂಡಾಣು ರೋಗ. ಅದಕ್ಕೆ ಮ್ಯಾಂಕೋಜೆಬ್, ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಹೊಡೆದರೆ ದುಡ್ಡು ದಂಡ. ಎರಡನೆಯದು: ಮುಚ್ಚಳ ಇರುವ ಪ್ಲಾಸ್ಟಿಕ್ ಡಬ್ಬಿಗೆ ಒದ್ದೆ ಮಾಡಿ ಹಿಂಡಿದ ಕಾಗದ ಹಾಸಿ, ಎರಡು ಕಡ್ಡಿ ಇಟ್ಟು, ಅದರ ಮೇಲೆ ಎಲೆ ಇಟ್ಟು ಮುಚ್ಚಿ ನೆರಳಲ್ಲಿಡಿ. ಒಂದೆರಡು ದಿನ ಬಿಟ್ಟು ಭೂತಗನ್ನಡಿಯಲ್ಲಿ ನೋಡಿ. ಚುಕ್ಕೆಯ ಮೇಲೆ ನಸುಗೆಂಪು ಅಂಟು ಹನಿ ಮೂಡಿದರೆ ಚಿಬ್ಬು ರೋಗ, ಕಪ್ಪು ಕೂದಲ ಗೊಂಚಲು ಇದ್ದರೆ ಸರ್ಕೋಸ್ಪೋರಾ, ಮಚ್ಚೆಯ ಅಂಚಿಗೆ ತೆಳು ಬಿಳಿ ಬೂಷ್ಟು ಬಂದರೆ ಫೈಟಾಫ್ತರಾ ಇರುವ ಸಂಭವ ಹೆಚ್ಚು. ಏನೂ ಬಾರದೆ ಎಲೆ ಹಾಗೇ ಇದ್ದರೆ ಬಿಸಿಲು, ಗೊಬ್ಬರ, ನುಸಿಯ ಕಡೆ ತಿರುಗಿ ನೋಡಿ.

ನೀರು, ನೆರಳು, ಜಾಗ

ಸಂಜೆ ನೀರು ಹಾಕುವುದನ್ನು ನಿಲ್ಲಿಸಿ. ಆಳುಗಳಿಗೆ ಕೊನೆಯ ಕೆಲಸವಾಗಿ ನೀರು ಬಿಡುವ ರೂಢಿ ಬಹಳ ಕಡೆ ಇದೆ. ಐದು ಗಂಟೆಗೆ ತೊಯ್ದ ಎಲೆ ಮರುದಿನ ಬಿಸಿಲು ಏರುವವರೆಗೂ ಆರುವುದಿಲ್ಲ, ಹದಿನೈದು ಗಂಟೆಯ ಒದ್ದೆ. ಬೆಳಿಗ್ಗೆ ಎಂಟು ಒಂಬತ್ತರೊಳಗೆ ಹಾಕಿ. ಡಿಸೆಂಬರ್–ಜನವರಿಯಲ್ಲಿ ಇಬ್ಬನಿ ಹೇಗೂ ಎಲೆಯನ್ನು ತೋಯಿಸಿರುತ್ತದೆ. ಅದು ಆರುವ ಮೊದಲೇ ನೀರು ಕೊಟ್ಟರೆ ಎರಡೂ ಒಟ್ಟಿಗೆ ಆರುತ್ತವೆ. ಇಬ್ಬನಿ ಆರಿದ ಮೇಲೆ ಮಧ್ಯಾಹ್ನ ಮತ್ತೆ ತೋಯಿಸಿದರೆ ಒಂದೇ ದಿನ ಎರಡು ಸಲ ಒದ್ದೆ. ಮೋಡ ಕವಿದ ದಿನ ಲೆಕ್ಕಕ್ಕೆ ನೀರು ಹಾಕಬೇಡಿ. ಚೀಲದ ಮಣ್ಣಿಗೆ ಒಂದು ಇಂಚು ಬೆರಳು ಚುಚ್ಚಿ, ತಂಪು ಹತ್ತಿದರೆ ಆ ದಿನ ಬಿಡಿ.

ಕೆರೆ, ಹಳ್ಳ, ಕೃಷಿ ಹೊಂಡದ ನೀರು ಹಾಯಿಸುವವರು ಇನ್ನೊಂದು ಕೆಲಸ ಮಾಡಬೇಕು. ಫೈಟಾಫ್ತರಾ, ಸಸಿಯ ಬುಡ ಕೊಳೆಸುವ ಪಿಥಿಯಂ, ಇವು ನೀರಲ್ಲಿ ಈಜಿ ಬರುವಂಥವು. ಸಾವಿರ ಲೀಟರ್ ತೊಟ್ಟಿಗೆ 6ರಿಂದ 10 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ರಾತ್ರಿ ಬಿಟ್ಟು ಬೆಳಿಗ್ಗೆ ಬಳಸಿ. ಪೌಡರಿನ ಚೀಲ ಬಾಯಿ ಬಿಚ್ಚಿ ತಿಂಗಳಾಗಿದ್ದರೆ ಅದರಲ್ಲಿ ಕ್ಲೋರಿನ್ ಹೆಚ್ಚು ಉಳಿದಿರುವುದಿಲ್ಲ. ಮೂಗಿಗೆ ಘಾಟು ಹೊಡೆಯದ ಪೌಡರನ್ನು ನಂಬಬೇಡಿ. ನೀರು ರಾಡಿಯಾಗಿದ್ದರೂ ಕ್ಲೋರಿನ್ ಕೆಸರಿಗೇ ಖರ್ಚಾಗಿಬಿಡುತ್ತದೆ, ಮೊದಲು ತಿಳಿಯಾಗಲು ಬಿಡಿ.

ನೆರಳಿನ ವಿಷಯದಲ್ಲಿ ಎಲ್ಲ ಸಸಿಗೂ ಒಂದೇ ಅಳತೆ ಇಲ್ಲ. ಕಾಫಿ, ಮೆಣಸಿಗೆ ಅರ್ಧ ನೆರಳಿನ, ಅಂದರೆ ಶೇ 50ರ ಬಲೆ ಸರಿ. ಮಲೆನಾಡಿನಲ್ಲಿ ಶೇ 75ರ ಬಲೆಯನ್ನು ಬೇಸಿಗೆಗೆಂದು ಹಾಕಿ ಮಳೆಗಾಲದಲ್ಲೂ ಹಾಗೇ ಬಿಟ್ಟರೆ ಒಳಗೆ ಕತ್ತಲು, ಎಲೆ ಆರುವುದೇ ಇಲ್ಲ, ಸಸಿ ಸೊರಗಿ ಉದ್ದಕ್ಕೆ ಹೋಗುತ್ತದೆ. ತೇಗ, ಹೆಬ್ಬೇವು, ಸಿಲ್ವರ್ ಓಕ್ ಬಿಸಿಲಿನ ಗಿಡಗಳು. ಮೊಳೆತು ನಿಂತ ಮೇಲೆ ಅವಕ್ಕೆ ನೆರಳಿನ ಹಂಗಿಲ್ಲ. ಸೋಗೆ, ಸೊಪ್ಪು ಹೊದಿಸಿದ ಚಪ್ಪರವಾದರೆ ಜೂನ್‌ಗೆ ಮುಂಚೆ ತೆಳುವು ಮಾಡಿ, ಒಂದೇ ಜಾಗಕ್ಕೆ ತೊಟ್ಟಿಕ್ಕುವ ಕಡೆ ಸರಿಪಡಿಸಿ. ಆ ಹನಿ ಬೀಳುವ ವೃತ್ತದಲ್ಲೇ ರೋಗ ಶುರುವಾಗುವುದು.

ಕಾಫಿಗೆ ಬಳಸುವ 23×15 ಸೆಂಟಿಮೀಟರ್, 150 ಗೇಜಿನ ಚೀಲ ಮಣ್ಣು ತುಂಬಿದ ಮೇಲೆ ಹೆಚ್ಚು ಕಡಿಮೆ ಹತ್ತು ಸೆಂಟಿಮೀಟರ್ ಅಗಲವಾಗುತ್ತದೆ. ಅಂದರೆ ಮೀಟರ್ ಅಗಲದ ಪಾತಿಗೆ ಸಾಲಿಗೆ ಹತ್ತು. ಮೊದಲ ಮೂರು ತಿಂಗಳು ಹೀಗೆ ಒತ್ತಾಗಿಟ್ಟರೆ ಪರವಾಗಿಲ್ಲ. ಎಲೆಗೆ ಎಲೆ ತಾಗುವ ಹೊತ್ತಿಗೆ ಎರಡು ಸಾಲು ಬಿಟ್ಟು ಒಂದು ಸಾಲು ತೆಗೆದು ಬೇರೆ ಪಾತಿ ಮಾಡಿ. ಜಾಗ ಇಲ್ಲ ಎನ್ನುವುದು ಎಲ್ಲ ಕಡೆಯ ಉತ್ತರ. ಆದರೆ ಹತ್ತು ಸಾವಿರ ಸಸಿ ಒತ್ತಿ ನಿಲ್ಲಿಸಿ ಮೂರು ಸಾವಿರ ಎಸೆಯುವುದಕ್ಕಿಂತ ಎಂಟು ಸಾವಿರ ಸರಿಯಾಗಿ ಬೆಳೆಸುವುದು ಲಾಭ. ಪಾತಿಗಳ ನಡುವೆ ಒಂದೂವರೆ ಎರಡು ಅಡಿ ದಾರಿ ಇರಲಿ, ಪಾತಿಯ ಉದ್ದ ಗಾಳಿ ಹರಿಯುವ ದಿಕ್ಕಿಗಿರಲಿ. ಚೀಲದಡಿಗೆ ಎರಡು ಇಂಚು ಜಲ್ಲಿ ಹಾಸಿದರೆ ಮಣ್ಣು ಸಿಡಿದು ಕೆಳಗಿನ ಎಲೆಗೆ ಅಂಟುವುದು ನಿಲ್ಲುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸುವವರಿದ್ದಾರೆ. ಅದರ ಮೇಲೆ ನೀರು ನಿಂತು ಚೀಲದಿಂದ ಚೀಲಕ್ಕೆ ಹರಿಯುತ್ತದೆ, ಬೇಡ.

ಮಣ್ಣಿನ ಮಿಶ್ರಣ ಕಾಫಿಗೆ ಕಾಡುಮಣ್ಣು ಆರು ಪಾಲು, ಚೆನ್ನಾಗಿ ಕಳಿತು ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ ಎರಡು ಪಾಲು, ಸಣ್ಣ ಮರಳು ಒಂದು ಪಾಲು. ಚೀಲದ ಕೆಳ ಅರ್ಧಕ್ಕೆ ತೂತು ಇರಬೇಕು. ಬೀಜದ ಮಡಿಯ ಮಣ್ಣನ್ನು ಫೆಬ್ರವರಿ–ಏಪ್ರಿಲ್ ಬಿಸಿಲಲ್ಲಿ ನೀರು ಕುಡಿಸಿ, 100ರಿಂದ 200 ಗೇಜಿನ ಪಾರದರ್ಶಕ ಹಾಳೆ ಬಿಗಿಯಾಗಿ ಹೊದಿಸಿ ಅಂಚಿಗೆ ಮಣ್ಣು ಹಾಕಿ ನಾಲ್ಕರಿಂದ ಆರು ವಾರ ಬಿಟ್ಟರೆ ಬುಡ ಕೊಳೆಯುವ ರೋಗಗಳು ಬಹುಮಟ್ಟಿಗೆ ತಗ್ಗುತ್ತವೆ. ಕಪ್ಪು ಹಾಳೆ ಹಾಕಿದರೆ ಹಾಳೆ ಕಾಯುತ್ತದೆಯೇ ಹೊರತು ಮಣ್ಣು ಅಷ್ಟು ಕಾಯುವುದಿಲ್ಲ. ಕಾಫಿಯವರು ಡಿಸೆಂಬರ್–ಜನವರಿಯಲ್ಲೇ ಬೀಜ ಹಾಕುವುದರಿಂದ ಹಿಂದಿನ ಬೇಸಿಗೆಯಲ್ಲೇ ಇದನ್ನು ಮಾಡಿ ಮಣ್ಣನ್ನು ಮುಚ್ಚಿಡಬೇಕಾಗುತ್ತದೆ. ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರವಾದ ಟ್ರೈಕೋಡರ್ಮಾ ಬಳಸುವುದಾದರೆ ನೂರು ಕೆಜಿ ಗೊಬ್ಬರಕ್ಕೆ ಒಂದು ಕೆಜಿ ಕಲಸಿ, ನೆರಳಲ್ಲಿ ಗೋಣಿ ಹೊದಿಸಿ ತೇವ ಆರದಂತೆ ಹತ್ತು ಹದಿನೈದು ದಿನ ಬೆಳೆಸಿ ಆಮೇಲೆ ಮಣ್ಣಿಗೆ ಬೆರೆಸಿ. ಅದು ಕಾಯುವುದು ಬೇರನ್ನು, ಬುಡವನ್ನು. ಎಲೆಚುಕ್ಕಿಗೆ ಟ್ರೈಕೋಡರ್ಮಾ ಸುರಿಯುವುದರಿಂದ ಏನೂ ಆಗದು.

ಹಳದಿ ತಿರುಗಿದ ಕಾಫಿ ಸಸಿಗಳಿಗೆ ನಾಲ್ಕೂವರೆ ಲೀಟರ್ ನೀರಿಗೆ 20 ಗ್ರಾಂ ಯೂರಿಯಾ ಕರಗಿಸಿ ಒಂದು ಚದರ ಮೀಟರ್ ಪಾತಿಗೆ ಕೊಟ್ಟು, ಕೂಡಲೇ ಬರೀ ನೀರಿನಿಂದ ಎಲೆ ತೊಳೆಯಿರಿ. ಕಂದು ಕಣ್ಣು ಚುಕ್ಕೆಗೆ ನೆರಳು ಸರಿಮಾಡಿ ಇದಿಷ್ಟು ಮಾಡಿದರೆ ಹೊಸ ಎಲೆ ಬಹುಪಾಲು ಚೊಕ್ಕಟವಾಗಿಯೇ ಬರುತ್ತದೆ. ಕೊಳೆಯುವ ರೋಗ ಇರುವಾಗ ಮಾತ್ರ ಯೂರಿಯಾದ ಹತ್ತಿರ ಹೋಗಬೇಡಿ.

ರೋಗದ ಎಲೆ ತೆಗೆಯುವ ಹೊತ್ತು

ಪುಡಿ ಹಾರುವ ರೋಗಕ್ಕೂ ನೀರಲ್ಲಿ ಹರಡುವ ರೋಗಕ್ಕೂ ಹೊತ್ತು ಬೇರೆ. ತುಕ್ಕು ಮತ್ತು ಬೂದಿ ರೋಗದ ಎಲೆಯನ್ನು ಒಣ ಮಧ್ಯಾಹ್ನ ಕಿತ್ತರೆ ಪ್ರತಿ ಎಳೆತಕ್ಕೂ ಪುಡಿ ಗಾಳಿಗೇರಿ ಇಡೀ ಪಾತಿಗೆ ಬಿತ್ತನೆಯಾಗುತ್ತದೆ. ಅವನ್ನು ಬೆಳಿಗ್ಗೆ ಇಬ್ಬನಿ ಇರುವಾಗ ತೆಗೆಯಿರಿ. ಚಿಬ್ಬು, ಫೈಟಾಫ್ತರಾ, ರೈಜಾಕ್ಟೋನಿಯಾ ಬಂದ ಪಾತಿಯನ್ನು ಒದ್ದೆ ಇರುವಾಗ ಮುಟ್ಟಲೇಬೇಡಿ, ಕೈಯೇ ರೋಗ ಸಾಗಿಸುತ್ತದೆ. ಎಲೆ ಪೂರ್ತಿ ಆರಿದ ಮೇಲೆ ಕೆಲಸ ಮಾಡಿ. ಎರಡರಲ್ಲೂ ಬುಟ್ಟಿ ಹಿಡಿದು ಓಡಾಡುವುದು ಬೇಡ. ಸಸಿಯ ಪಕ್ಕದಲ್ಲೇ ಕವರಿನ ಬಾಯಿ ಹಿಡಿದು ಎಲೆಯನ್ನು ಅದರೊಳಗೇ ಕಿತ್ತು ಕಟ್ಟಿ. ಸುಡಿ, ಇಲ್ಲವೇ ಒಂದೂವರೆ ಅಡಿ ಆಳದಲ್ಲಿ ಹೂಳಿ. ನರ್ಸರಿಯ ಮೂಲೆಯ ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ವರ್ಷ ಅದೇ ಗೊಬ್ಬರ ಚೀಲಕ್ಕೆ ಬರುತ್ತದೆ.

ಅರ್ಧಕ್ಕಿಂತ ಹೆಚ್ಚು ಎಲೆ ಹೋದ ಸಸಿಯನ್ನು ಉಳಿಸುವ ಆಸೆ ಬಿಡಿ. ಫೈಟಾಫ್ತರಾ ಬಂದ ಮೆಣಸಿನ ಸಸಿಯಾದರೆ ಒಂದೇ ಎಲೆಗೆ ಬಂದಿದ್ದರೂ ಚೀಲ ಸಮೇತ ಹೊರಗೆ. ಅಕ್ಕಪಕ್ಕದ ಎರಡು ಸಾಲನ್ನು ಬೇರೆ ಜಾಗಕ್ಕೆ ಇಟ್ಟು ಎರಡು ವಾರ ಕಣ್ಣಿಟ್ಟಿರಿ.

ಯಾವ ಔಷಧಿ, ಎಷ್ಟು

ಅಂಗಡಿಯಲ್ಲಿ ಎಲೆರೋಗಕ್ಕೆ ಕೊಡಿ ಎಂದರೆ ಕಾರ್ಬೆಂಡಜಿಮ್ ಕೈಗೆ ಬರುತ್ತದೆ. ಸರ್ಕೋಸ್ಪೋರಾ, ಚಿಬ್ಬು ರೋಗ, ರೈಜಾಕ್ಟೋನಿಯಾಗೆ ಅದು ಸರಿ, ಲೀಟರಿಗೆ 1 ಗ್ರಾಂ. ಫೈಟಾಫ್ತರಾ, ಪಿಥಿಯಂ ಮೇಲೆ ಅದರ ಆಟ ನಡೆಯುವುದಿಲ್ಲ, ಏಕೆಂದರೆ ಅವು ನಿಜವಾದ ಶಿಲೀಂಧ್ರಗಳೇ ಅಲ್ಲ. ಅವಕ್ಕೆ ಮೆಟಲಾಕ್ಸಿಲ್–ಮ್ಯಾಂಕೋಜೆಬ್ ಮಿಶ್ರಣ ಲೀಟರಿಗೆ 1.25 ಗ್ರಾಂ, ಅಥವಾ ಪೊಟ್ಯಾಸಿಯಂ ಫಾಸ್ಫೊನೇಟ್ ಲೀಟರಿಗೆ 3 ಮಿ.ಲೀ. ಬೇಕು. ಅದೇ ಮೆಟಲಾಕ್ಸಿಲ್ ಕಂದು ಕಣ್ಣು ಚುಕ್ಕೆಗೆ ಏನೂ ಮಾಡದು, ಅಲ್ಲಿ ಕೆಲಸ ಮಾಡುವುದು ಜೊತೆಗಿರುವ ಮ್ಯಾಂಕೋಜೆಬ್ ಮಾತ್ರ. ಅಷ್ಟಕ್ಕೆ ಎಂ-45 ಎಂದು ಎಲ್ಲರೂ ಕರೆಯುವ ಬರೀ ಮ್ಯಾಂಕೋಜೆಬ್ ಲೀಟರಿಗೆ 2 ಗ್ರಾಂ ಸಾಕು, ಬೆಲೆಯೂ ಕಡಿಮೆ. ತೇಗದ ತುಕ್ಕಿಗೆ, ಬೂದಿ ರೋಗಕ್ಕೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2ರಿಂದ 3 ಗ್ರಾಂ. ಹೊಂಗೆಯ ನುಸಿಗೂ ಇದೇ ಆಗುತ್ತದೆ. ಮಾರ್ಚ್–ಏಪ್ರಿಲ್‌ನ ಉರಿಬಿಸಿಲಲ್ಲಿ ಗಂಧಕ ಹೊಡೆದರೆ ಎಳೆ ಎಲೆ ಸುಡುತ್ತದೆ. ಬೇವಿನೆಣ್ಣೆ ಹೊಡೆದು ಎರಡು ವಾರ ಆಗಿಲ್ಲದಿದ್ದರೂ ಅದೇ ಗತಿ.

ಕಾಫಿ ತುಕ್ಕಿಗೆ ತೋಟದಲ್ಲಿ ಹೆಕ್ಸಾಕೊನಜೋಲ್ ಶೇ 5 ಇರುವುದನ್ನು 200 ಲೀಟರ್ ಬ್ಯಾರಲ್‌ಗೆ 400 ಮಿ.ಲೀ. ಹಾಕುವುದುಂಟು. ನರ್ಸರಿಯಲ್ಲಿ ಈ ಜಾತಿಯ ಔಷಧಿಗಳನ್ನು ರೋಗ ಕಣ್ಣಿಗೆ ಕಂಡಾಗ ಒಂದು ಸಲ, ಹೆಚ್ಚೆಂದರೆ ಎರಡು ಸಲ ಬಳಸಿ. ಪದೇ ಪದೇ ಹೊಡೆದರೆ ಎಲೆ ಕಡುಹಸಿರಾಗಿ ನೋಡಲು ಚೆಂದ ಕಾಣುತ್ತದೆ, ಆದರೆ ಗೆಣ್ಣು ಗೆಣ್ಣಿನ ಅಂತರ ಕುಗ್ಗಿ ಸಸಿ ಕುಳ್ಳಾಗಿ ಕೂರುತ್ತದೆ. ಮೂರು ಪುಡಿ ಒಟ್ಟಿಗೆ ಕಲಸಿ ಹೊಡೆಯುವ ಚಟವೂ ಬೇಡ. ಗುಣವಾದರೆ ಯಾವುದರಿಂದ ಆಯಿತೆಂದು ತಿಳಿಯದು, ಸುಟ್ಟರೆ ಯಾವುದರಿಂದ ಸುಟ್ಟಿತೆಂದೂ ತಿಳಿಯದು. ಏನೇ ಕೊಂಡರೂ ಲೇಬಲ್ ಮೇಲಿನ ಬೆಳೆ, ಪ್ರಮಾಣ ಓದಿಕೊಳ್ಳಿ.

ಮಳೆಗಾಲಕ್ಕೆ ಮುಂಚೆ ತಡೆಗೆಂದು ಹೊಡೆಯಲು ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣಕ್ಕಿಂತ ಉತ್ತಮವಾದದ್ದು ಇಂದಿಗೂ ಸಿಗುವುದು ಕಷ್ಟ. ಅಡಿಕೆಗೆ ಶೇ 1ರದ್ದು ಹೊಡೆಯುವವರು ಅದನ್ನೇ ನರ್ಸರಿಗೂ ತಂದುಬಿಡುತ್ತಾರೆ. ಎಳೆ ಸಸಿಗೆ ಶೇ ಅರ್ಧ ಸಾಕು. ಹತ್ತು ಲೀಟರಿಗೆ ಮೈಲುತುತ್ತ 50 ಗ್ರಾಂ, ಒಳ್ಳೆಯ ಸುಟ್ಟ ಸುಣ್ಣ 50 ಗ್ರಾಂ. ಬ್ಯಾರಲ್ ಲೆಕ್ಕದಲ್ಲಿ ಒಂದೊಂದು ಕೆಜಿ. ಮೈಲುತುತ್ತವನ್ನು ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಐದು ಲೀಟರ್ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ರಾತ್ರಿ ತೂಗುಬಿಟ್ಟರೆ ತಾನಾಗಿ ಕರಗಿರುತ್ತದೆ. ತಳಕ್ಕೆ ಹಾಕಿ ಕಲಕುತ್ತ ಕೂರಬೇಕಿಲ್ಲ. ಪ್ಲಾಸ್ಟಿಕ್ ಬಕೆಟ್ ಆಗಬೇಕು, ಕಬ್ಬಿಣ, ತಗಡು ಬೇಡ. ಸುಣ್ಣಕ್ಕೆ ಮೊದಲು ಸ್ವಲ್ಪವೇ ನೀರು ಚಿಮುಕಿಸಿ. ಬಿಸಿಯಾಗಿ ಬಿರಿದರೆ ಸುಣ್ಣ ಜೀವಂತ ಇದೆ ಎಂದರ್ಥ. ತಣ್ಣಗೆ ಕೂತರೆ ಗಾಳಿಗೆ ಸತ್ತ ಸುಣ್ಣ, ಮೈಲುತುತ್ತದ ಹುಳಿ ಮುರಿಯಲು ಅದರಿಂದ ಆಗದು. ಬಿರಿದ ಸುಣ್ಣ ತಣಿದ ಮೇಲೆ ಐದು ಲೀಟರ್ ಮಾಡಿ ಬಟ್ಟೆಯಲ್ಲಿ ಸೋಸಿ. ಆಮೇಲೆ ಎರಡನ್ನೂ ಮೂರನೇ ಪಾತ್ರೆಗೆ ಒಟ್ಟಿಗೇ ಸುರಿಯುತ್ತ ಕೋಲಿನಲ್ಲಿ ಕಲಕಿ. ಒಬ್ಬರೇ ಇದ್ದರೆ ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಿರಿ. ತಿರುಗಿಸಿ ಮಾಡಿದರೆ ದಪ್ಪ ಕಣವಾಗಿ ತಳ ಸೇರಿ ನಾಜಲ್ ಕಟ್ಟುತ್ತದೆ.

ಆಕಾಶ ನೀಲಿ ಬಣ್ಣ ಬರಬೇಕು. ಹಸಿರು ಛಾಯೆ ಇದ್ದರೆ ಹುಳಿ ಉಳಿದಿದೆ. ಉಜ್ಜಿ ಹೊಳೆಯುವಂತೆ ಮಾಡಿದ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಚಾಕು ಉಜ್ಜಿ ಮತ್ತೆ ಅದ್ದಿ. ಕೆಂಪು ಕೂರುವ ದ್ರಾವಣ ಹೊಡೆದರೆ ಸಸಿಯ ಸುಳಿ ಸುಡುವುದು ಖಂಡಿತ. ಮಾಡಿದ ದಿನವೇ ಮುಗಿಸಿ, ಮರುದಿನಕ್ಕೆ ಇಟ್ಟದ್ದು ಎಲೆಗೆ ಅಂಟುವುದಿಲ್ಲ. ಬೋರ್ಡೋ ಜೊತೆ ಬೇರೆ ಯಾವ ಔಷಧಿಯನ್ನೂ ಬೆರೆಸಬೇಡಿ. ಮಾಡಲು ಪುರುಸೊತ್ತಿಲ್ಲದವರು ತಾಮ್ರದ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಹಾಕಬಹುದು, ಮಳೆಗೆ ಅದು ಅಷ್ಟು ತಾಳುವುದಿಲ್ಲ.

ಹೊಡೆಯುವಾಗ

ಸಾವಿರ ಚೀಲಕ್ಕೆ, ಸಸಿ ಗೇಣುದ್ದ ಇದ್ದರೆ, ಎಂಟು ಹತ್ತು ಲೀಟರ್ ಹಿಡಿಯುತ್ತದೆ. ಮೂರು ನಾಲ್ಕು ಲೀಟರಿನಲ್ಲಿ ಮುಗಿಯಿತು ಎಂದರೆ ಮೇಲಿನ ಎಲೆ ಮಾತ್ರ ನೆಂದಿದೆ. ಬೆನ್ನಿಗೆ ಕಟ್ಟುವ ಪಂಪ್‌ಗೆ ಸಣ್ಣ ಹನಿಯ ಕೋನ್ ನಾಜಲ್ ಹಾಕಿ, ಅದರ ಮೂತಿಯನ್ನು ಮೇಲ್ಮುಖ ಮಾಡಿ, ಪಂಪಿನ ಉದ್ದ ಕೊಳವೆಯನ್ನು (ಲ್ಯಾನ್ಸ್) ಸಸಿಗಳ ನಡುವೆ ತಗ್ಗಿಸಿ ಅಡಿಯಿಂದ ಮೊದಲು, ಮೇಲಿಂದ ಆಮೇಲೆ. ಹನಿ ಹನಿಯಾಗಿ ತೊಟ್ಟಿಕ್ಕಲು ಶುರುವಾದರೆ ನಿಲ್ಲಿಸಿ ಮುಂದೆ ಹೋಗಿ. ಪುಡಿಯನ್ನು ನೇರ ಪಂಪಿಗೆ ಸುರಿಯದೆ ಮಗ್ಗಿನಲ್ಲಿ ಗಸಿಯ ಹಾಗೆ ಕಲಸಿಕೊಂಡು ಸೇರಿಸಿ. ಮುಚ್ಚಳದ ಅಳತೆ, ಬೆಂಕಿಪೊಟ್ಟಣದ ಅಳತೆ ಬೇಡ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದು ಒಂದನ್ನು ಔಷಧಿಗೆಂದೇ ಬೇರೆ ಇಟ್ಟುಕೊಳ್ಳಿ. ಮೆಣಸಿನಂಥ ನುಣುಪು ಎಲೆಗೆ ಅಂಟು ದ್ರಾವಣ ಲೀಟರಿಗೆ ಅರ್ಧ ಮಿ.ಲೀ. ಸೇರಿಸದಿದ್ದರೆ ಔಷಧಿ ಜಾರಿ ಚೀಲಕ್ಕೆ ಬೀಳುತ್ತದೆ.

ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಮುಂದಿನ ಮೂರು ನಾಲ್ಕು ಗಂಟೆ ಮಳೆ ಬಾರದ ಹೊತ್ತು ನೋಡಿ. ಆರಿದ್ರ, ಪುನರ್ವಸು ಜಡಿ ಹಿಡಿದಾಗ ಅಂಥ ಹೊಳವು ಸಿಗುವುದೇ ಅಪರೂಪ, ಅದಕ್ಕೇ ಮೇ ಕೊನೆಯೊಳಗೆ ಒಂದು ಬೋರ್ಡೋ ಮುಗಿದಿರಬೇಕು. ಆಮೇಲೆ ಸಿಕ್ಕ ಹೊಳವಿನಲ್ಲಿ ಹದಿನೈದು ದಿನಕ್ಕೊಮ್ಮೆ ಎಂಬ ಲೆಕ್ಕ. ಹೊಸ ಎರಡು ಜೊತೆ ಎಲೆ ಬಂದಿದ್ದರೆ ಅವುಗಳ ಮೇಲೆ ಔಷಧಿಯೇ ಇಲ್ಲ ಎಂದುಕೊಳ್ಳಿ. ಕೈಗವಸು, ಮಾಸ್ಕ್ ಹಾಕಿಕೊಂಡು ಗಾಳಿ ಬೆನ್ನಿಗಿರುವಂತೆ ನಡೆಯಿರಿ. ಪಂಪ್ ತೊಳೆದ ನೀರು ಹಳ್ಳಕ್ಕೆ, ಕೆರೆಗೆ ಹೋಗಬಾರದು.

ಇನ್ನೆರಡು ಬೆಳೆಗಳ ಮಾತು

ಶ್ರೀಗಂಧ ಬೇರೆ ಗಿಡದ ಬೇರಿನಿಂದ ಆಹಾರ ಹೀರುವ ಗಿಡ, ಹಾಗಾಗಿ ಅದರ ಸಸಿಗೆ ಆಸರೆಯಾಗಿ ಅದೇ ಚೀಲದಲ್ಲಿ ತೊಗರಿ ಬೆಳೆಸುತ್ತಾರೆ. ತೊಗರಿ ಗಂಧಕ್ಕಿಂತ ಬೇಗ ಎತ್ತರಕ್ಕೆ ಹೋಗಿ ಕೊಡೆ ಹಿಡಿದಂತೆ ಮುಚ್ಚುತ್ತದೆ, ಕೆಳಗೆ ಗಂಧದ ಎಲೆ ಆರುವುದಿಲ್ಲ. ತೊಗರಿ ಗಂಧದ ತಲೆ ಮುಟ್ಟುವ ಮೊದಲೇ ಸವರಿ ಅರ್ಧ ಎತ್ತರಕ್ಕೆ ಇಳಿಸಿ, ಬುಡ ಕಿತ್ತುಬಿಡಬೇಡಿ. ಬೇರು ಹೋದರೆ ಗಂಧವೂ ಸೊರಗುತ್ತದೆ.

ಅಡಿಕೆ ಸಸಿಯ ಮಡಿಯನ್ನು ತೋಟದೊಳಗೆ ಮರಗಳ ಅಡಿಯಲ್ಲೇ ಮಾಡುವ ರೂಢಿ ಇದೆ. ಕಳಸ, ಶೃಂಗೇರಿ, ಕೊಪ್ಪ, ಮೂಡಿಗೆರೆಯ ತೋಟಗಳಲ್ಲಿ ಎಲೆಚುಕ್ಕಿ ಹಬ್ಬಿರುವಾಗ ಇದು ಸಲ್ಲದು. ಮೇಲಿನ ಸೋಗೆಯಿಂದ ಇಳಿಯುವ ಮಳೆಹನಿ ಬೀಜಾಣುವನ್ನು ನೇರವಾಗಿ ಸಸಿಗೆ ತಂದಿಡುತ್ತದೆ. ರೋಗದ ತೋಟದಿಂದ ದೂರದ ಬಯಲಿನಲ್ಲಿ ಬಲೆ ಕಟ್ಟಿ ಮಡಿ ಮಾಡಿ. ಹೊರಗಿಂದ ಸಸಿ ತರುವುದಾದರೆ ಕೆಳಗಿನ ಎಲೆಗಳನ್ನು ಬಿಸಿಲಿಗೆ ಹಿಡಿದು ನೋಡಿ, ಹಳದಿ ಬಳೆಯ ಕಂದು ಚುಕ್ಕೆ ಒಂದು ಕಂಡರೂ ಆ ಲಾಟನ್ನೇ ಬಿಡಿ. ತಂದ ಸಸಿ ಯಾವುದೇ ಆಗಲಿ, ನಿಮ್ಮ ಪಾತಿಯಿಂದ ದೂರ ಎರಡು ಮೂರು ವಾರ ಇಟ್ಟು ಆಮೇಲೆ ಒಳಗೆ ತನ್ನಿ.

ಇಷ್ಟಾದರೂ ರೋಗ ಗೊತ್ತಾಗದಿದ್ದರೆ ಕಾಫಿಯದನ್ನು ಬಾಳೆಹೊನ್ನೂರಿಗೆ, ಬೇರೆಯದನ್ನು ಮೂಡಿಗೆರೆಯ ತೋಟಗಾರಿಕೆ ಕಾಲೇಜಿಗೆ ಅಥವಾ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ಪೂರ್ತಿ ಸತ್ತ ಎಲೆ ಬೇಡ, ಅದರ ಮೇಲೆ ಬರೀ ಕೊಳೆತದ ಮೇಲೆ ಬೆಳೆಯುವ ಬೂಷ್ಟೇ ಇರುತ್ತದೆ. ರೋಗ ಈಗಷ್ಟೇ ಶುರುವಾದ, ಅರ್ಧ ಹಸಿರು ಉಳಿದ ಐದಾರು ಎಲೆಯನ್ನು ಒಣಗಿದ ಪತ್ರಿಕೆ ಹಾಳೆಗಳ ನಡುವೆ ಇಟ್ಟು, ಒಂದು ಇಡೀ ಸಸಿಯನ್ನು ಚೀಲ ಸಮೇತ ಒಯ್ಯಿರಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿದರೆ ತಲುಪುವಷ್ಟರಲ್ಲಿ ಬೆವೆತು ಕೊಳೆತಿರುತ್ತದೆ. ಯಾವಾಗ ನೀರು ಹಾಕುತ್ತೀರಿ, ಕೊನೆಯ ಸಲ ಏನು ಹೊಡೆದಿರಿ, ಎಷ್ಟು ದಿನವಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ, ಅಲ್ಲಿ ಕೇಳುವ ಮೊದಲ ಪ್ರಶ್ನೆಗಳು ಅವೇ.